ಬಲದಿಂದ ಎಡಕ್ಕೆ

ಶಿಡ್ಲಘಟ್ಟ, ದ್ಯಾವಪ್ಪನ ಜೆರಾಕ್ಸ್ ಅಂಗಡಿ.
ಹಾಳೆಗೆ ಐದು ರೂಪಾಯಿ, ಒಟ್ಟು ಒಂಬತ್ತು ಹಾಳೆ.
ಗೂಡು ಬೇಯುವ ನೀರಲ್ಲಿ ನೆನೆದು ನೆನೆದು
ಸುಕ್ಕಾದ ಬೆರಳಿಗೆ
ಕಾಗದದ ಬಿಸಿ ತಿಳಿಯಲೇ ಇಲ್ಲ.

ಮೊದಲ ಪುಟದಲ್ಲಿ ದಪ್ಪಗೆ: ಆರುನೂರ ಎಂಬತ್ತೊಂದು.
ಒಂಬೈನೂರಕ್ಕೆ, ಅಂದ ದ್ಯಾವಪ್ಪ,
ಫೇಲೂ ಅಲ್ಲ, ಫಸ್ಟ್ ಕ್ಲಾಸೂ ಅಲ್ಲ.
ಗೂಡಿನ ಮಾರ್ಕೆಟ್ಟಲ್ಲಿ ನಾನೂ ಅಷ್ಟೇ,
ಒಂದನ್ನು ಕಿವಿಯ ಹತ್ತಿರ ಅಲುಗಿಸಿ
ಒಳಗಿನ ಹುಳು ಏನನ್ನುತ್ತೆ ಕೇಳಿ
ರೇಟು ಹಾಕುವವಳು.
ನನ್ನನ್ನು ಯಾರು ಯಾವತ್ತು ಅಲುಗಿಸಿದರೋ!
ಅದೂ ಇತ್ತು ಕೊನೆಯ ಪುಟದಲ್ಲಿ, ತಾರೀಖಿನ ಸಮೇತ:
ಫ್ರಿಜ್ಜಿಗೆಂದು ಕೇಳಿ, ಬೇಡವೆಂದು ಬರಿಗೈಲಿ ಬಂದ
ಆ ಮಧ್ಯಾಹ್ನ ಕೂಡ.

ನಸೀಮ್ ತಾಜ್. ನಸೀಮಾ ತಾಜ್.
ನಾಸಿಂತಾಜ್. ಎನ್. ತಾಜ್.
ನಾಲ್ವರೂ ನಾನೇ, ಸಾಲ ಮಾತ್ರ ಒಬ್ಬಳದು.
ವಿಳಾಸ ಮೂರು. ನಾವು ಬಿಟ್ಟ ಬಾಡಿಗೆ ಮನೆಗಳು
ನಮ್ಮನ್ನು ಬಿಟ್ಟಿರಲಿಲ್ಲ.

ರೀಲಿಂಗ್ ಮೆಷೀನಿನ ಸಾಲ, ಎರಡು ಲಕ್ಷ.
ಖಾತೆ ನಂಬರಿನ ಕೊನೆಯ ನಾಲ್ಕಂಕಿ ಹೊರಗೆ,
ಉಳಿದದ್ದು ಪರದೆಯ ಹಿಂದೆ.
ಕೆಳಗೆ ಚೌಕ, ಚೌಕ, ತಿಂಗಳಿಗೊಂದು ಚೌಕ.
ಮೂರು ಸೊನ್ನೆ ಇದ್ದರೆ ಒಳ್ಳೆಯದಂತೆ.
ಸೊನ್ನೆಗೆ ಬೆಲೆ ಇರುವ ಜಾಗ ಇದೊಂದೇ ಇರಬೇಕು.
ದ್ಯಾವಪ್ಪ ಎಡದಿಂದ ಹಿಡಿದ, ತಡವರಿಸಿದ:
ಹೊಸ ತಿಂಗಳು ಎಡಕ್ಕೆ, ಹಳೆಯದು ಬಲಕ್ಕೆ.
ಕೊಡಪ್ಪಾ ಇಲ್ಲಿ, ಅಂದೆ.
ಆರನೇ ವರ್ಷಕ್ಕೆ, ಮದರಸಾದ ಚಾಪೆಯ ಮೇಲೆ
ನಾನು ಓದು ಕಲಿತದ್ದೇ ಬಲದಿಂದ ಎಡಕ್ಕೆ.

ಸೊನ್ನೆ ಸೊನ್ನೆ ಸೊನ್ನೆ.
ಸೊನ್ನೆ ಸೊನ್ನೆ ಸೊನ್ನೆ.
ಸೊನ್ನೆ ಇಪ್ಪತ್ತಾರು.
ಸೊನ್ನೆ ಐವತ್ತಾರು.
ಸೊನ್ನೆ ಎಂಬತ್ತೇಳು.

ತಡವಾದ ದಿನಗಳ ಲೆಕ್ಕ, ಅಂದ ದ್ಯಾವಪ್ಪ.
ಅಕ್ಟೋಬರು, ನವೆಂಬರು, ಡಿಸೆಂಬರು.
ನನಗೆ ನೆನಪಿದೆ. ಐದನೇ ತಾರೀಖು, ಒಲೆ ಆರಿಸಿ,
ನೂಲು ಮಾರಿದ ದುಡ್ಡು ಎರಡೆರಡು ಸಲ ಎಣಿಸಿ
ರಬ್ಬರ್ ಹಾಕಿ ನಮ್ಮನೆಯವರ ಕೈಲಿಟ್ಟಿದ್ದೆ.
ಸಂಜೆ, ಕಟ್ಟಿದ್ರಾ? ಅಂದಿದ್ದೆ.
ಕಟ್ಟಿದೆ, ಅಂದಿದ್ದರು.
ಮೂರು ತಿಂಗಳೂ.

ಎಷ್ಟು ದಿನ ತಡ ಅನ್ನುವುದಕ್ಕೆ ಚೌಕವಿದೆ.
ದುಡ್ಡು ಎಲ್ಲಿಗೆ ಹೋಯಿತು ಅನ್ನುವುದಕ್ಕೆ
ಒಂಬತ್ತು ಹಾಳೆ ತಿರುವಿದರೂ ಇಲ್ಲ.
ಜನವರಿಗೆ ಮತ್ತೆ ಸೊನ್ನೆ.
ಮೂರೂ ಕಂತು ಒಟ್ಟಿಗೇ ತೀರಿದೆ,
ಬಡ್ಡಿ ಸಮೇತ.
ಅದನ್ನೂ ಇವರು ಹೇಳಿರಲಿಲ್ಲ.

ತಪ್ಪಿದ್ದರೆ ತಕರಾರು ಹಾಕೋಣ ಅಕ್ಕಾ,
ಮೂವತ್ತು ದಿನಕ್ಕೆ ಸರಿ ಮಾಡ್ತಾರೆ.
ಕಾಗದದಲ್ಲಿ ತಪ್ಪೇನಿಲ್ಲ ಬಿಡು, ಅಂದೆ,
ನಲವತ್ತೈದು ರೂಪಾಯಿ ಚಿಲ್ಲರೆ ಎಣಿಸಿ.

ಹೊರಗೆ ಸ್ಕೂಟರಿನ ಮೇಲೆ ಕಾಯುತ್ತಿದ್ದರು,
ಸೀಟಿನ ಬಿಸಿಲಿಗೆ ಕರ್ಚೀಫು ಹಾಸಿ,
ನನ್ನ ಪಾಲಿನ ಸೀಟಿಗೂ.
ಎಷ್ಟು ಬಂತು?
ಹೇಳಿದೆ.
ಪರವಾಗಿಲ್ವಲ್ಲ, ಅಂದು ಕಿಕ್ ಹೊಡೆದರು.

ಬಸ್ ಸ್ಟ್ಯಾಂಡ್ ದಾಟುವಾಗ, ಇವರ ಬೆನ್ನಿಗೆ,
ಈ ತಿಂಗಳಿಂದ ಕಂತು ನಾನೇ ಹೋಗಿ ಕಟ್ತೀನಿ, ಅಂದೆ.
ಯಾಕೆ ಅಂತ
ಇವರು ಕೇಳಲಿಲ್ಲ.