ಹಳದಿ ಅಂದರೆ ಹಳೇದು

ಅಮ್ಮನ ಟಾರ್ಚಿನ ಹಿಂಬದಿಗೆ ಹಲ್ಲಿನ ಗುರುತಿತ್ತು.
ದುದ್ದದ ಆಸ್ಪತ್ರೆಯ ನರ್ಸು ಸಲೋಮಿ, ನನ್ನಮ್ಮ,
ಎರಡು ಕೈಯೂ ಮಗುವಿಗೆ ಬೇಕಾದ ಹೊತ್ತಲ್ಲಿ
ಬೆಳಕನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು.
ತಿಣುಕು ಅನ್ನಲು ಬಾಯಿ ಖಾಲಿಯಿಲ್ಲ, ಹೂಂಕರಿಸುತ್ತಿದ್ದಳು.
ಆ ಸೀಮೆಯ ಎಷ್ಟೋ ಮಕ್ಕಳು ಹುಟ್ಟಿ ಮೊದಲು ಕೇಳಿದ್ದು
ತಗಡು ಕಚ್ಚಿದ ಹೆಂಗಸಿನ ಹೂಂಕಾರ.

ನಾನು ಓದು ಮುಗಿಸಿ ಹಾಸನಕ್ಕೆ ವಾಪಸು ಬಂದು
ಕೈಗಾರಿಕಾ ಪ್ರದೇಶದ ತಗಡಿನ ಷೆಡ್ಡಿನಲ್ಲಿ ಟೇಬಲ್ಲು ಹಾಕಿದಾಗ
ಪೆನ್ಷನ್ ಮೊಹಲ್ಲಾದ ಓನರಮ್ಮ ಕೇಳಿದರು, ಏನು ಕೆಲಸ?
ಡಿಸೈನರ್ ಅಂದೆ.
ಮಾರನೆ ದಿನ ರವಿಕೆ ಬಟ್ಟೆ ತಂದರು,
ಬೆನ್ನಿಗೆ ಕಿಟಕಿ ಇಡಬೇಕಂತೆ.

ಮೊದಲೆರಡು ವರ್ಷ ಬರೀ ಸ್ವಿಚ್ಚು.
ಹೆಬ್ಬೆರಳು ಎಷ್ಟು ಜಾರಬೇಕು, ಎಲ್ಲಿ ತಡೆಯಬೇಕು,
ಟಕ್ ಅನ್ನಬೇಕೆ, ಟಿಕ್ ಅನ್ನಬೇಕೆ.
ಅಚ್ಚಿನ ಮೇಸ್ತ್ರಿ ಗೌಸ್ ಪೀರ್ ಕಣ್ಣು ಮುಚ್ಚಿ ಒತ್ತಿ
"ಇದು ಸುಳ್ಳು ಹೇಳ್ತದೆ ಮೇಡಂ" ಅಂತ ಹಿಂದಕ್ಕೆ ಕೊಡುತ್ತಿದ್ದ.
ಆಮೇಲೆ ಸೊಳ್ಳೆ ಬ್ಯಾಟು, ಹಿಡಿಯೊಳಗೆ ಪುಟ್ಟ ಟಾರ್ಚು,
ಲಕ್ಷಗಟ್ಟಲೆ ಹೋದದ್ದು ಅದೊಂದೇ.
ಆಮೇಲೆ ಇಂಟರ್‌ನೆಟ್ಟಿನ ಡಬ್ಬಿ, ಅದರ ಮೂತಿಗೆ
ರಾತ್ರಿಯಿಡೀ ಮಿಣುಕುವ ಹಸಿರು ಕಣ್ಣು.
ಜನ ಅದಕ್ಕೆ ಬಟ್ಟೆ ಹೊದಿಸಿ ಮಲಗುತ್ತಾರೆ.
ನಾನೂ ಹೊದಿಸಿದ್ದೇನೆ.

ಅಮ್ಮನಿಗೊಂದು ದೀಪ ಮಾಡಿದ್ದೆ, ಯಾರೂ ಕೇಳದೆ.
ಕೊರಳಿಗೆ ಹಾಕಿಕೊಂಡು ಗಲ್ಲದಿಂದ ಒತ್ತಿದರೆ ಹತ್ತುವಂಥದು.
ಏಳು ಮಾದರಿ. ಏಳನೆಯದನ್ನು ಗೌಸ್ ಪೀರ್ ತೊಟ್ಟು
ಲೇತಿನಡಿ ಬಿದ್ದ ಸ್ಕ್ರೂ ಹುಡುಕಿದ.
ಸಿಕ್ಕಿತು, ಜೊತೆಗೆ ಹೋದ ವರ್ಷದ ಪೆನ್ನೂ.
ಕಂಪನಿಯ ಲೆಕ್ಕದಲ್ಲಿ ಹನ್ನೊಂದು ರೂಪಾಯಿ ಹೆಚ್ಚಾಯಿತು.
ಹನ್ನೊಂದು. ಒಂದು ಕಾಲಕ್ಕೆ ಮುಯ್ಯಿ ಓದಿಸುತ್ತಿದ್ದ ದುಡ್ಡು.
ಕಡತ ಮುಚ್ಚುವಷ್ಟರಲ್ಲಿ ಅಮ್ಮನೂ ನಿವೃತ್ತಳಾಗಿದ್ದಳು.
ಈಗ ಆ ಮಾದರಿ ತೊಟ್ಟು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ,
ಹಗಲಲ್ಲೂ.

ಕರೆಂಟು ಹೋದರೆ ತಾನೇ ಹತ್ತುವ ದೀಪಕ್ಕೆ
ಹಳದಿ ಬೆಳಕು ಇಡೋಣ ಅಂದಿದ್ದೆ.
ಮಾರಾಟದವರು ನಕ್ಕರು. "ಹಳದಿ ಅಂದರೆ ಹಳೇದು ಮೇಡಂ,
ಬಿಳಿ ಅಂದರೆ ಪವರು."
ಸಾಲು ಸಾಲು ಲೆಕ್ಕ ತೋರಿಸಿದರು ಗೋಡೆಯ ಮೇಲೆ.
ಹೂಂ ಅಂದೆ. ಬಾಯಲ್ಲಿ ಏನೂ ಕಚ್ಚಿರಲಿಲ್ಲ, ಆದರೂ ಹೂಂ.

ಹೋದ ಶುಕ್ರವಾರ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಹೂವಿನ ಜವರಮ್ಮನ ತಲೆಯ ಮೇಲೆ ನೇತಾಡುತ್ತಿತ್ತು
ನನ್ನ ದೀಪ, ತಲೆಕೆಳಗಾಗಿ.
ಮೂರು ತಿಂಗಳು ತಿದ್ದಿದ ಹಿಡಿಗೆ ಸುಣ್ಣದ ಡಬ್ಬಿ ಕಟ್ಟಿದ್ದಳು.
ಬಿಸಿ ಹೋಗಲೆಂದು ಕೊರೆದ ತೂತಿನಲ್ಲಿ ಬಾಳೆನಾರು ತೂರಿಸಿ
ಇಡೀ ದೀಪ ಅದರ ಮೇಲೆ, ಒಂದು ಕಡೆ ವಾಲಿಕೊಂಡು.
ಮುಖಕ್ಕೆ ಹಳದಿ ಜಿಲೇಟಿನ್ ಕಾಗದ,
ಯಾರದೋ ಮದುವೆಯ ಉಡುಗೊರೆಗೆ ಸುತ್ತಿದ್ದು.
ಯಾಕಮ್ಮ ಅಂದೆ.
"ಬಿಳೀ ಬೆಳಕಲ್ಲಿ ಕನಕಾಂಬ್ರ ಸತ್ತಂಗೆ ಕಾಣ್ತದೆ ಕಣವ್ವ.
ಸತ್ತ ಹೂವ ಯಾರು ಮುಡ್ಕತಾರೆ?
ಯಾವ ಬೇಕೂಫ ಮಾಡಿದ್ನೋ ಇದ."
ಮಾಡಿದ್ಲೋ ಅಂತ ತಿದ್ದಲು ಹೋದವಳು
ಎರಡು ಮೊಳ ಕೊಂಡೆ.
ಕೊಸರು ಹಾಕಿದಳು, ಕೇಳದೆಯೇ.

ಆ ರಾತ್ರಿ ನಕ್ಷೆ ತೆರೆದು
ತೂತನ್ನು ನಾಲ್ಕು ಮಿಲಿಮೀಟರ್ ನಡುವಿಗೆ ಸರಿಸಿದೆ, ವಾಲದಿರಲಿ ಅಂತ.
ಅಂಚು ಮಳ್ಳಗೆ ಮಾಡಿದೆ, ನಾರು ಹರಿಯದಿರಲಿ.
ಬದಲಾವಣೆಗೆ ಕಾರಣ ಎಂಬ ಖಾನೆಯಲ್ಲಿ ಬರೆದೆ:
ಜವರಮ್ಮ, ಕಟ್ಟಿನಕೆರೆ.
ಬೆಳಿಗ್ಗೆ ಗೌಸ್ ಪೀರ್ ಕನ್ನಡಕ ಏರಿಸಿ ಕೇಳಿದ,
"ಯಾವ ಕಂಪನಿ ಇಂಜಿನಿಯರು ಇವರು?"

ಹಳದಿಯ ಮಾತು ಮುಂದಿನ ಮೀಟಿಂಗಿಗೆ.
ಜಿಲೇಟಿನ್ ಕಾಗದದ ಚೂರೊಂದು ಪರ್ಸಿನಲ್ಲಿದೆ,
ಬಸ್ಸಿನ ಚೀಟಿಗಳ ನಡುವೆ ಸರಬರ ಅನ್ನುತ್ತ.