ಒಂದು ಗೇಣು ತಂತಿ

ಐದನೆಯದೂ ಸುಟ್ಟಿತು.
ಟಪ್ ಅಂತ ಒಂದೇ ಸದ್ದು, ಆಮೇಲೆ ವಾಸನೆ,
ಸೀದ ಮೀನಿನಂಥದ್ದು, ಲ್ಯಾನೆಲಿಯ ಸಮುದ್ರದ ಗಾಳಿಗೂ
ಶೆಡ್ಡಿನಿಂದ ಎತ್ತಿಕೊಂಡು ಹೋಗಲಾಗದ್ದು.
ಉಗುರಿನಷ್ಟಗಲದ ಕಪ್ಪು ಟ್ರಾನ್ಸಿಸ್ಟರು
ಹೊಟ್ಟೆ ಬಿರಿದು ಬಿದ್ದಿತ್ತು.

ಹಾಲಿನ ಗಾಡಿ ರಿಪೇರಿಗೆ ಬಂದದ್ದು.
ನಲವತ್ತೆಂಟು ವೋಲ್ಟಿನ ಬ್ಯಾಟರಿ,
ಏರು ಹತ್ತುವಾಗ ಇನ್ನೂರು ಆಂಪಿಯರ್ ಕುಡಿಯುವ ಮೋಟಾರು.
ಬೆಳಗಿನ ನಾಲ್ಕಕ್ಕೆ ಗಾಜಿನ ಬಾಟಲಿ ಹೊತ್ತು
ಯಾರನ್ನೂ ಎಬ್ಬಿಸದೆ ಬೀದಿ ಸುತ್ತಬೇಕು.
"ನೂರು ವೋಲ್ಟು ತಡೆಯುತ್ತೆ ಅಂತ ಬರೆದಿದ್ದಾರೆ,
ಬರೀ ನಲವತ್ತೆಂಟಕ್ಕೆ ಸತ್ತರೆ ಹೇಗೆ?" ಅಂದೆ.
ಎಮ್ರಿಸ್ ಪ್ಯೂ ಮಾತಾಡಲಿಲ್ಲ.
ಆಸಿಲೋಸ್ಕೋಪಿನ ಧೂಳನ್ನು ಟೋಪಿಯಿಂದ ಒರೆಸಿ
ಆರನೆಯದನ್ನು ಕೂರಿಸಿದ.

ನೆಲಕ್ಕಂಟಿ ಹರಿದು ಬಂದ ಹಸಿರು ಗೆರೆ
ಮುಚ್ಚುವ ಗಳಿಗೆಗೆ ಹೆಡೆ ಎತ್ತಿತು: ನೂರಾ ಹದಿನೆಂಟು.
ತೂಗಿ, ತೂಗಿ, ಇಳಿಯಿತು.
ಕಣ್ಣು ಮಿಟುಕಿಸುವುದರ ಲಕ್ಷದಲ್ಲೊಂದು ಪಾಲು.
ಸಾಯಲು ಅಷ್ಟು ಸಾಕು.

ನಮ್ಮ ಕಡೆ ಒಂದು ಮಾತಿದೆ ಅಂದೆ, ಹರಿಯೋ ನೀರಿಗೆ
ದೊಣ್ಣೆನಾಯಕನ ಅಪ್ಪಣೆ ಯಾಕೆ ಅಂತ.
ದೊಣ್ಣೆನಾಯಕ ಯಾರು ಅಂತ ಕೇಳಿದ.
ವಿವರಿಸುವಷ್ಟರಲ್ಲಿ ಟೀ ಆರಿತು.

"ಗೇಟು ಮುಚ್ಚಿದ್ದು ನೀನು. ಕರೆಂಟಿಗೆ ಗೊತ್ತಿಲ್ಲ,
ಅದು ಇನ್ನೂ ಬರ್ತಾನೇ ಇದೆ," ಅಂದು
ಕೆಪಾಸಿಟರಿನಿಂದ ಸ್ವಿಚ್ಚಿಗೆ ಎಳೆದ ನನ್ನ ಕೆಂಪು ತಂತಿಯ ಮೇಲೆ
ಗ್ರೀಸು ಮೆತ್ತಿದ ಹೆಬ್ಬೆರಳು ಇಟ್ಟ.
ಒಂದು ಗೇಣು. ನೋಟಕ್ಕೆ ಚೆನ್ನಾಗಿರಲಿ ಅಂತ
ಬಳಸಿ, ಬಾಗಿಸಿ ಕಟ್ಟಿದ್ದೆ ನಾನೇ.
ಒಂದು ಗೇಣಿನೊಳಗೆ ಇಷ್ಟು ಸಿಟ್ಟು ಇರುತ್ತದೆಂದು
ಯಾವ ಮೇಷ್ಟ್ರೂ ಹೇಳಿರಲಿಲ್ಲ.
ಹೇಳಿದ್ದರು. ಬರೆದುಕೊಂಡಿದ್ದೆ ಕೂಡ,
ಪರೀಕ್ಷೆಗೆ.

ಆಮೇಲೆ ತಂತಿ ಕತ್ತರಿಸುತ್ತ, ಇಕ್ಕಳಕ್ಕೆ ಹೇಳುವಂತೆ:
"ಉಕ್ಕಿನ ಕಾರ್ಖಾನೆಯ ಗೇಟೂ ಹಾಗೇ ಮುಚ್ಚಿದ್ರು.
ಶುಕ್ರವಾರ ಎರಡನೇ ಪಾಳಿಗೆ ಹೋದ್ವಿ, ಬೀಗ.
ಬುತ್ತಿ ಹಿಡಿದವರು ಹಿಂದಿನಿಂದ ಬರ್ತಾನೇ ಇದ್ರು.
ನಮ್ಮ ಐವರ್ ಮುಂದಿದ್ದ."
ಅಷ್ಟೇ. ನಾನೂ ಕೇಳಲಿಲ್ಲ.
ಬೆಸುಗೆಯ ಹೊಗೆ ಇಬ್ಬರ ನಡುವೆ ನಿಂತಿತ್ತು.

ಕೆಪಾಸಿಟರನ್ನು ಎರಡು ಬೆರಳಿನಷ್ಟು ಹತ್ತಿರ ತಂದೆವು.
ತಂತಿಯ ಬದಲು ಅಗಲದ ತಾಮ್ರದ ಪಟ್ಟಿ,
ಹೋಗುವುದರ ಮೇಲೆ ಬರುವುದು, ರೊಟ್ಟಿಯ ಮೇಲೆ ರೊಟ್ಟಿಯಂತೆ,
ನಡುವೆ ತೆಳ್ಳನೆ ಹಾಳೆ.
ಗೇಟಿಗೆ ಹತ್ತು ಓಮಿನ ರೆಸಿಸ್ಟರು: ದಡಾರನೆ ಬೇಡ,
ಮಗು ಮಲಗಿದ ಕೋಣೆಯ ಬಾಗಿಲು ಅಂದುಕೊಂಡು ಮುಚ್ಚು.
ಉಳಿದ ಪುಂಡಾಟಕ್ಕೆ ಪಕ್ಕದಲ್ಲೊಂದು ಸ್ನಬ್ಬರು.

ಎಪ್ಪತ್ತೊಂದು. ಹೆಡೆಯಿದ್ದಲ್ಲಿ ಸಣ್ಣ ದಿಬ್ಬ.
ಇನ್ನೂ ತಗ್ಗಿಸಬಹುದು ಅಂದೆ.
"ತಗ್ಗಿಸಬಹುದು. ನಿಧಾನ ಮಾಡಿದಷ್ಟೂ ಅದೇ ಕಾಯುತ್ತೆ.
ಸಾಕು, ಬಿಡು."
ಸ್ನಬ್ಬರಿನ ರೆಸಿಸ್ಟರು ಮುಟ್ಟಿದೆ. ಬಿಸಿ.
ಅದೇ ಸಿಟ್ಟು, ಈಗ ಇಲ್ಲಿ ಕೂತಿದೆ,
ಒಲೆ ಆರಿದ ಮೇಲಿನ ಪಾತ್ರೆಯಂತೆ.

ಮರುದಿನ ನಾಲ್ಕಕ್ಕೆ ಎಚ್ಚರಾಯಿತು.
ಕಿವಿಗೊಟ್ಟೆ, ಏನೂ ಕೇಳಲಿಲ್ಲ.
ಬೆಳಕಾದ ಮೇಲೆ ಬಾಗಿಲು ತೆಗೆದರೆ
ಮೆಟ್ಟಿಲ ಮೇಲೆ ಎರಡು ಬಾಟಲಿ.
ನಾನು ಹೇಳಿದ್ದು ಒಂದು.