ದಂಡದ ಡಬ್ಬಿ

ಲ್ಯಾಬಿನ ಫ್ರಿಜ್ಜಿನ ಮ್ಯಾಲ ಒಂದು ಹಾಲಪುಡಿ ಡಬ್ಬಿ.
ತಡಾ ಬಂದವರು ಹತ್ತು ರೂಪಾಯಿ ಹಾಕಬೇಕು,
ಜಗದೇವಿ ಮಾಡಿದ ಕಾಯ್ದೆ.
ಬ್ರಹ್ಮಪುರದಿಂದ ನಡಕೋತ ಬರಾಕಿ,
ಆಕಿಗೇನು.
ನಂದು ಶಾಬಾದದ ರೈಲು.
ವಾಡಿಯಾಗ ಸಿಗ್ನಲ್ ಸಿಗಲಿಲ್ಲಂದ್ರ
ಇಲ್ಲಿ ಡಬ್ಬಿ ಝಣ್ ಅಂತದ.

ಯುಗಾದಿಯಿಂದ ಯುಗಾದಿಗೆ ಒಂಬೈನೂರಾ ಅರವತ್ತು.
ಅದರಾಗ ಏಳುನೂರು ನಂದು,
ಉಳದದ್ದು ಖುತೇಜಾಂದು,
ಜಗದೇವಿದು ಸೊನ್ನಿ.
ಹಂಗಾಗಿ ಎಲ್ಲಿ ಉಣ್ಣೋದಂತ ಹೇಳಾಕಿ ನಾನೇ ಅಂದೆ.
ಥಾಯ್ ಅಂದೆ.
ಯಾಕಂತ ಕೇಳಬ್ಯಾಡ್ರಿ.
ದಿನಾ ಮಂದಿ ರಕ್ತ ಎಣಸಿ ಎಣಸಿ
ಹೆಸರು ಗೊತ್ತಿಲ್ಲದ್ದು ಏನರೆ
ಬಾಯಾಗ ಇಟ್ಕೋಬೇಕನಿಸಿತ್ತು.

ಸಂಜಿ ಆರು. ಡಾಂಬರು ಇನ್ನಾ ಮೆತ್ತಗ.
ಮದಲನೇದು ರಿಂಗ್ ರೋಡಿನ ಮ್ಯಾಲ, ಮೂರನೇ ಮಾಳಗಿ,
ಬಾಗಿಲಾಗ ಸಲಾಮ್ ಹೊಡದ ಹುಡುಗನ ಬೂಟು
ನನ್ನ ಪಗಾರಕ್ಕಿಂತ ಹೊಳೀತಿತ್ತು.
ಸೂಪು ನಾನೂರಾ ಎಂಬತ್ತು, ಟ್ಯಾಕ್ಸು ಬ್ಯಾರೆ.
ಏಸಿ ಗಾಳಿ ಎರಡು ನಿಮಿಷ ಪುಕ್ಕಟೆ ತಗೊಂಡು
ಫೋನ್ ಬಂದಂಗ ಮಾಡಿ ಇಳದ್ವಿ.

ಸೂಪರ್ ಮಾರ್ಕೆಟ್ಟಿನ ಬೋರ್ಡಿನ ಮ್ಯಾಲ
ಥಾಯ್ ಚೈನೀಸ್ ಪಂಜಾಬಿ ಇಡ್ಲಿ ವಡಾ.
"ಇಷ್ಟು ದೇಶ ಒಂದೇ ಬಾಣಲಿಯಾಗ ಹ್ಯಾಂಗ ಇರ್ತಾವವ್ವಾ"
ಅಂತ ಜಗದೇವಿ ನಿಂತಲ್ಲೇ ತಿರುಗಿದಳು.

ಸ್ಟೇಷನ್ ಹಿಂದಿನ ಸಂದಿಯಾಗ ಆರು ಟೇಬಲ್ಲು,
ಪ್ಲಾಸ್ಟಿಕ್ ಕುರ್ಚಿ,
ನೆಲಕ್ಕ ನಮ್ಮೂರ ಫರಸಿ.
ಸೀಮೆಸುಣ್ಣದಾಗ ಬರದ ರೇಟು, ಅರ್ಧ ಅಳಿಸಿದ್ದು.
ಅಡಿಗಿ ಮಾಡಾಂವ ಗೇಮು ರಾಠೋಡ,
ಚಿಂಚೋಳಿ ಕಡಿ ತಾಂಡಾದಾಂವ,
ಗೋವಾದಾಗ ಒಬ್ಬಾಕಿ ಥಾಯ್ ಮುದುಕಿ ಕೈಯಾಗ
ಒಂಬತ್ತು ವರ್ಷ ಉಳ್ಳಾಗಡ್ಡಿ ಹೆಚ್ಚ್ಯಾನಂತ.

ಜಗದೇವಿ ಕೊರಳಾಗಿನ ಲಿಂಗ ಮುಟ್ಟಿ ಕೇಳಿದಳು,
ಮೀನಿನ ಸಾಸು ಎಲ್ಲಾದಕ್ಕೂ ಬೀಳತದೇನು?
"ಎರಡನೇ ಬಾಣಲಿ ಅದರಿ ಅಕ್ಕಾರ,
ಅದರಾಗ ಮೀನು ಕಾಲಿಟ್ಟಿಲ್ಲ."
"ಮೀನಿಗೆ ಕಾಲೆಲ್ಲಿಂದ ಬಂತು" ಅಂದ ಖುತೇಜಾ
ಕೋಳಿ ಯಾರ ಅಂಗಡಿದಂತ ಕೇಳಿದಳು.
ಮೋಮಿನಪುರದ್ದು.
ನಾ ಕೇಳಿದ್ದು ಒಂದೇ:
ಎಂಟೂ ನಲವತ್ತಕ್ಕ ರೈಲದ, ಆಗತದೇನು?

ಎರಡು ಸೂಪು, ಎರಡು ನೂಡಲ್ಸು,
ಹಸರು ಸಾರು ಅನ್ನ ಒಂದು.
ಹುಣಸಿಹುಳಿ, ಬೆಲ್ಲ, ಮ್ಯಾಲ ಕುಟ್ಟಿದ ಶೇಂಗಾ.
"ಅಯ್ಯ, ಇದು ನಮ್ಮದರಂಗೇ ಅದಲ್ಲ" ಅಂದಳು ಜಗದೇವಿ,
ಭಾಳ ಸಮಾಧಾನದಿಂದ.
ಖುತೇಜಾ ಚಮಚಾ ತೆಳಗಿಟ್ಟಳು.
"ಅನಬ್ಯಾಡ ಹಂಗ.
ಎಲ್ಲಿಗೆ ಹೋದರೂ ನಮ್ಮದೇ ಹುಡುಕೂದಾದ್ರ
ಮನ್ಯಾಗ ಕುಂತು ಹಿಂಡಿ ನೆಕ್ಕಬಹುದಿತ್ತು.
ಇದು ಯಾರದೋ.
ಯಾರದೋ ಇರಲಿ."

ಜಗದೇವಿ ಸುಮ್ಮನಾದಳು.
ಮತ್ತೊಂದು ತುತ್ತು ತಗೊಂಡಳು, ಕಣ್ಣು ಮುಚ್ಚಿ,
ಈ ಸಲ ಏನೂ ಅನಲಿಲ್ಲ.
ಮೂಗಿನ ತುದಿಗೆ ಬೆವರು.
ಕಾರಕ್ಕೋ, ಬಿಸಲಿಗೋ.
ಮಾವಿನಹಣ್ಣು ಅಂಟನ್ನ ಒಂದು, ಚಮಚಾ ಮೂರು.
ಲೆಕ್ಕ ಏಳುನೂರಾ ಎಪ್ಪತ್ತು.
ಉಳದ ನೂರಾ ತೊಂಬತ್ತು ಜಗದೇವಿ ಮಡಚಿ
ಬ್ಲೌಸಿನಾಗ ಇಟ್ಟಳು, ಡಬ್ಬಿಗೆ ಅಂತ.
ಕಾಯ್ದೆ ಅಂದ್ರ ಕಾಯ್ದೆ.

ಓಡಿದೆ. ಮೆಟ್ಟಿಲು ಎರಡೆರಡು ಹತ್ತಿ ಇಳದೆ.
ಎಂಟು ಮೂವತ್ತೆಂಟು.
ಬೋರ್ಡಿನ ಮ್ಯಾಲ ಕೆಂಪು ಅಕ್ಷರ:
ಐವತ್ತು ನಿಮಿಷ ತಡಾ.
ಈ ರೈಲಿನ ಕಡಿಂದ ಹತ್ತು ರೂಪಾಯಿ
ಯಾರು ವಸೂಲಿ ಮಾಡಬೇಕು?

ಕಲ್ಲು ಬೆಂಚು ಕುಂಡಿಗೆ ಇನ್ನಾ ಬಿಸಿ.
ಹಲ್ಲಿನ ಸಂದ್ಯಾಗ ಮಜ್ಜಿಗೆಹುಲ್ಲಿನ ಒಂದು ಎಳಿ.
ನಾಲಿಗಿಲಿಂದ ಹುಡುಕಿದೆ, ಸಿಕ್ಕಿತು,
ಬಿಟ್ಟೆ, ಮತ್ತ ಹುಡುಕಿದೆ.
ಹೊತ್ತು ಇತ್ತಲ್ಲ.